ಹಳೇ ಸೆಡಾನ್, ಐದು ದೂರು: ಮಲ್ಟಿಮೀಟರ್ ಹಿಡಿದು ಮನೆಯಲ್ಲೇ ಮಾಡಿದ ರಿಪೇರಿ

ನಮ್ಮ ಕಾರು ಹತ್ತು ವರ್ಷ ದಾಟಿದ ಪೆಟ್ರೋಲ್ ಸೆಡಾನ್. ನಾಲ್ಕು ಸಿಲಿಂಡರ್, ಮ್ಯಾನುವಲ್ ಗೇರ್, ಮುಂದಿನ ಚಕ್ರಗಳಿಗೆ ಡ್ರೈವ್. ವಿಶೇಷ ಏನೂ ಇಲ್ಲ. ಈ ವಯಸ್ಸಿನ ಕಾರಿಗೆ ಒಂದೊಂದಾಗಿ ಬರಬೇಕಾದ ಕಾಯಿಲೆಗಳು ಇದಕ್ಕೆ ಒಟ್ಟಿಗೇ ಬಂದವು. ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟರ್ ನಿಧಾನಕ್ಕೆ ಎಳೆದಾಡುತ್ತಿತ್ತು. ನಿಂತಲ್ಲಿ ಎಂಜಿನ್ ನಡುಗುತ್ತಿತ್ತು, ಚೆಕ್ ಎಂಜಿನ್ ದೀಪ ಹತ್ತಿಕೊಂಡಿತ್ತು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಬ್ರೇಕ್ ಒತ್ತಿದಾಗ ಎಡಗಡೆ ಮುಂದಿನ ಚಕ್ರದಿಂದ ಕಿವಿ ಕೊರೆಯುವ ಸದ್ದು. ಸಾಲದ್ದಕ್ಕೆ ಪಕ್ಕದ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ.

ಇಷ್ಟನ್ನೂ ಒಟ್ಟಿಗೆ ಹೇಳಿದರೆ ಸಿಗುವ ಸಲಹೆ ಗೊತ್ತಲ್ಲ. ಬ್ಯಾಟರಿ ಹೊಸದು ಹಾಕಿ, ಪ್ಲಗ್ ಬದಲಿಸಿ, ಥರ್ಮೋಸ್ಟಾಟ್ ಬದಲಿಸಿ, ಅದಕ್ಕೂ ಬಗ್ಗದಿದ್ದರೆ ಮಾರಿಬಿಡಿ. ಅಳೆದು ನೋಡದೆ ಯಾವ ಭಾಗವನ್ನೂ ಕೊಳ್ಳುವುದಿಲ್ಲ ಎಂದು ನಾನು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಕೈಯಲ್ಲಿದ್ದ ಸಾಮಾನು ಇಷ್ಟೇ: ಡಿಜಿಟಲ್ ಮಲ್ಟಿಮೀಟರ್, ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಓದುವ ಸಾಧನ), ಸಾಕೆಟ್ ಸೆಟ್, ಟಾರ್ಕ್ ವ್ರೆಂಚ್, ಜ್ಯಾಕ್, ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್, ವೈರ್ ಬ್ರಷ್, ಟಾರ್ಚ್.

ಮೊದಲು ಕೋಡ್ ಓದಿ, ಆಮೇಲೆ ಬ್ಯಾಟರಿ ಬಿಚ್ಚಿ

ಈ ಸಾಲು ಸುಮ್ನೆ ಹಾಕಿದ್ದಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿದರೆ ಬಹಳಷ್ಟು ಕಾರುಗಳಲ್ಲಿ ಕಂಪ್ಯೂಟರ್ ತನ್ನ ನೆನಪನ್ನು ಕಳೆದುಕೊಳ್ಳುತ್ತದೆ. ದೋಷದ ಕೋಡ್ ಹೋಗುತ್ತದೆ, ಫ್ರೀಜ್ ಫ್ರೇಮ್ (ಕೋಡ್ ಬಂದ ಗಳಿಗೆಯ ದಾಖಲೆ) ಹೋಗುತ್ತದೆ, ಇಂಧನದ ಲೆಕ್ಕ ಕಲಿತುಕೊಂಡಿದ್ದೂ ಅಳಿಸಿಹೋಗುತ್ತದೆ. ಆಮೇಲೆ ಹುಡುಕಲು ಹೊರಟರೆ ಸುಳಿವೇ ಇರುವುದಿಲ್ಲ. ಕೆಲವು ಕಾರುಗಳಲ್ಲಿ ರೇಡಿಯೋ ಕೂಡ ಕೋಡ್ ಕೇಳುತ್ತದೆ, ಅದನ್ನೂ ಮೊದಲೇ ಹುಡುಕಿಟ್ಟುಕೊಳ್ಳಿ.

ಸ್ಕ್ಯಾನರ್ ಚುಚ್ಚುವ ಜಾಗ ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಇರುತ್ತದೆ. 16 ಪಿನ್ನಿನ ಸಾಕೆಟ್. ನಮ್ಮದರಲ್ಲಿ ಬಂದ ಕೋಡ್ ಎರಡು. ಪಿ0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪಿ0300, ಅಂದರೆ ಯಾವುದೋ ಒಂದೇ ಸಿಲಿಂಡರ್ ಅಲ್ಲ, ಅಲ್ಲಲ್ಲಿ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು). ಇವೆರಡಕ್ಕಿಂತ ನನಗೆ ಹೆಚ್ಚು ಉಪಯೋಗ ಆಗಿದ್ದು ಫ್ರೀಜ್ ಫ್ರೇಮ್. ಕೋಡ್ ದಾಖಲಾದ ಗಳಿಗೆಯಲ್ಲಿ ಕಾರು ಹೇಗಿತ್ತು ಎಂಬುದು ಅಲ್ಲಿರುತ್ತದೆ. ಎಂಜಿನ್ ಬಿಸಿಯಾಗಿತ್ತು, ಐಡಲ್‌ನಲ್ಲಿತ್ತು (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ಸ್ಥಿತಿ), ವೇಗ ಸೊನ್ನೆ. ಅಂದರೆ ಓಡುವಾಗಲ್ಲ, ನಿಂತಾಗಲೇ ತೊಂದರೆ. ಇದನ್ನು ಬರೆದಿಟ್ಟುಕೊಂಡು ಸ್ಟಾರ್ಟಿಂಗ್ ಕಡೆ ತಿರುಗಿದೆ.

ಸ್ಟಾರ್ಟರ್ ಯಾಕೆ ಎಳೆದಾಡುತ್ತಿತ್ತು

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಬೆಳಗ್ಗೆ ಅಳೆಯಬೇಕು. ಓಡಿಸಿ ಬಂದ ಕೂಡಲೇ ಅಳೆದರೆ ಮೀಟರ್ ಸುಳ್ಳು ಹೇಳುತ್ತದೆ. ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.6 ವೋಲ್ಟ್, ಅರ್ಧಕ್ಕೆ ಇಳಿದಿದ್ದರೆ ಸುಮಾರು 12.2, ಅದಕ್ಕಿಂತ ಕೆಳಗೆ ಅಂದರೆ ಬ್ಯಾಟರಿ ಹಸಿದಿದೆ. ನಮ್ಮದು 12.5 ತೋರಿಸಿತು. ಪರವಾಗಿಲ್ಲ.

ನಿಂತ ಬ್ಯಾಟರಿಯ ವೋಲ್ಟ್ ನೋಡಿ ತೀರ್ಪು ಕೊಡುವುದು ಬೇಡ. ಕೆಲಸ ಮಾಡುವಾಗ ಎಷ್ಟು ಉಳಿಯುತ್ತದೆ ಎಂಬುದೇ ಮುಖ್ಯ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆದಿಟ್ಟೆ, ಎಂಜಿನ್ ಹತ್ತಿಕೊಳ್ಳಬಾರದು ಅಂತ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಒಳಗೆ ಒಬ್ಬರನ್ನು ಕೂರಿಸಿ ನಾಲ್ಕೈದು ಸೆಕೆಂಡ್ ಕೀ ತಿರುಗಿಸಲು ಹೇಳಿದೆ. ಹಾಗೆ ಕ್ರ್ಯಾಂಕ್ ಆಗುವಾಗ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು, ಇಲ್ಲವೇ ಸ್ಟಾರ್ಟರ್ ಮೋಟರ್ ಅತಿಯಾಗಿ ಕರೆಂಟ್ ಎಳೆಯುತ್ತಿದೆ ಅನ್ನಬಹುದು. ನಮ್ಮದರಲ್ಲಿ 10.9 ಉಳಿಯಿತು. ಬ್ಯಾಟರಿಗೆ ಸುಸ್ತೇ ಇಲ್ಲ, ಆದರೂ ಸ್ಟಾರ್ಟರ್ ಎಳೆದಾಡುತ್ತಿದೆ. ಹಾಗಾದರೆ ಕರೆಂಟ್ ದಾರಿಯಲ್ಲೇ ಎಲ್ಲೋ ತಡೆ ಬೀಳುತ್ತಿದೆ. ಈ ಹಂತದಲ್ಲಿ ಹೊಸ ಬ್ಯಾಟರಿ ಹಾಕಿದ್ದರೂ ಬೆಳಗಿನ ಗೋಳು ತಪ್ಪುತ್ತಿರಲಿಲ್ಲ.

ಇಲ್ಲಿ ಮಾಡಬೇಕಾದ್ದು ವೋಲ್ಟೇಜ್ ಡ್ರಾಪ್ ಪರೀಕ್ಷೆ, ಅಂದರೆ ಕರೆಂಟ್ ಹರಿಯುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂದು ಅಳೆಯುವುದು. ಬಹಳ ಜನ ಇದನ್ನು ಬಿಟ್ಟು ಮೀಟರನ್ನು ಓಮ್ಸ್‌ಗೆ (ತಡೆ ಅಳೆಯುವ ಜಾಗಕ್ಕೆ) ಹಾಕಿ ವೈರ್ ಅಳೆಯುತ್ತಾರೆ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ಸ್ ಮೀಟರ್ ಚೆನ್ನಾಗಿದೆ ಅನ್ನುತ್ತದೆ. ನೂರಕ್ಕೂ ಜಾಸ್ತಿ ಆಂಪಿಯರ್ ಹರಿಯುವಾಗಲೇ ಅದರ ಬಣ್ಣ ಬಯಲಾಗುವುದು. ಮೀಟರಿನ ಕೆಂಪು ಪ್ರೋಬ್ ಎಂಜಿನ್ನಿನ ಬರಿ ಲೋಹಕ್ಕೆ, ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಹಿಡಿದೆ. ಕ್ಲಾಂಪ್‌ಗಲ್ಲ, ಸೀಸದ ಕಂಬಕ್ಕೇ. ಕ್ರ್ಯಾಂಕ್ ಮಾಡುವಾಗ 0.2 ವೋಲ್ಟ್ ಆಸುಪಾಸಿನಲ್ಲಿ ಇರಬೇಕಾದ್ದು 1.1 ಬಂತು.

ಅಲ್ಲಿಂದ ಕಪ್ಪು ಪ್ರೋಬ್ ಕದಲಿಸದೆ ಕೆಂಪನ್ನು ಒಂದೊಂದೇ ಜೋಡಣೆಗೆ ಮುಟ್ಟಿಸುತ್ತಾ ಹೋದೆ. ಕ್ಲಾಂಪ್ ಹತ್ತಿರ ಏನೂ ಇಲ್ಲ. ಕೇಬಲ್ ಬಾಡಿಗೆ ಸೇರುವಲ್ಲಿಯೂ ಏನೂ ಇಲ್ಲ. ಬಾಡಿಯಿಂದ ಗೇರ್‌ಬಾಕ್ಸ್‌ಗೆ ಹೋಗುವ ಹೆಣೆದ ಅರ್ಥ್ ಪಟ್ಟಿ ದಾಟಿದ ಕೂಡಲೇ ಮೀಟರ್ ನೆಗೆಯಿತು. ಪಟ್ಟಿ ನೋಡಲು ಚೆನ್ನಾಗಿಯೇ ಇತ್ತು, ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿದ ಮೇಲೆ ಗೊತ್ತಾಯಿತು. ಲಗ್‌ನ (ಪಟ್ಟಿಯ ತುದಿಯ ಲೋಹದ ಬಳೆ) ಹಿಂಬದಿಯಲ್ಲಿ ಹಸಿರು ಪುಡಿ, ಗೇರ್‌ಬಾಕ್ಸ್ ಮೇಲೆ ಬೂದು ಬಣ್ಣದ ಹೊಟ್ಟು. ಬೋಲ್ಟ್ ತಲೆಯ ಸುತ್ತ ಒಂದು ಸಣ್ಣ ಉಂಗುರದಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು. ಸ್ಟಾರ್ಟರಿನ ಕರೆಂಟ್ ಪೂರ್ತಿ ಆ ಉಂಗುರದಲ್ಲೇ ನುಸುಳಬೇಕಿತ್ತು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ (ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ), ಎರಡೂ ಮುಖಗಳನ್ನು ವೈರ್ ಬ್ರಷ್‌ನಿಂದ ಬರಿ ಲೋಹ ಕಾಣುವವರೆಗೆ ಉಜ್ಜಿದೆ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದೆ. ಗ್ರೀಸ್ ಸವರಿದ್ದು ಬಿಗಿ ಮಾಡಿದ ಮೇಲೆ, ಹೊರಗಡೆ. ಮತ್ತೆ ಅಳೆದರೆ 0.1 ವೋಲ್ಟ್. ಸ್ಟಾರ್ಟರ್ ಸದ್ದೇ ಬದಲಾಗಿತ್ತು.

ಅಷ್ಟಕ್ಕೇ ಬಿಡದೆ ಇನ್ನೆರಡು ನೋಡಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2 ವೋಲ್ಟ್, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿದರೂ 13.9. ಆಲ್ಟರ್ನೇಟರ್ ಸರಿ ಇದೆ. ಸ್ಮಾರ್ಟ್ ಚಾರ್ಜಿಂಗ್ ಇರುವ ಹೊಸ ಕಾರುಗಳು ಇದಕ್ಕಿಂತ ಕಡಿಮೆ ತೋರಿಸಬಹುದು, ಅದು ದೋಷವಲ್ಲ. ಆಮೇಲೆ ಕಾರು ನಿದ್ದೆ ಮಾಡುವಾಗ ಎಷ್ಟು ಕರೆಂಟ್ ಕುಡಿಯುತ್ತದೆ ಎಂಬ ಲೆಕ್ಕ. ಮೀಟರನ್ನು 10 ಆಂಪಿಯರ್ ಜಾಗಕ್ಕೆ ಹಾಕಿ ನೆಗೆಟಿವ್ ಕೇಬಲ್ ಮತ್ತು ಕಂಬದ ನಡುವೆ ಸೇರಿಸಬೇಕು. ಡೋರ್ ತೆರೆದಿದ್ದರೂ ಅದರ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿಬಿಟ್ಟರೆ ಕಾರು ಡೋರ್ ಹಾಕಿದೆ ಅಂದುಕೊಳ್ಳುತ್ತದೆ. ಅರ್ಧ ಗಂಟೆಗೂ ಮೇಲೆ ಕಾಯಬೇಕು, ಯಾಕಂದರೆ ಒಳಗಿನ ಕಂಪ್ಯೂಟರ್‌ಗಳು ಒಂದೊಂದಾಗಿ ಮಲಗುತ್ತವೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. ನಮ್ಮದು 30ರ ಹತ್ತಿರ ನಿಂತಿತು. ಜಾಸ್ತಿ ಬಂದರೆ ಫ್ಯೂಸ್‌ಗಳನ್ನು ಕೀಳಬೇಡಿ, ಕಿತ್ತು ಹಾಕಿದರೆ ಮಲಗಿದ್ದ ಕಂಪ್ಯೂಟರ್ ಎದ್ದು ಕೂರಬಹುದು. ಪ್ರತಿ ಫ್ಯೂಸ್ ತಲೆಯ ಮೇಲಿನ ಎರಡು ಚುಕ್ಕೆಗಳಿಗೆ ಮೀಟರ್ ಹಿಡಿದು ಮಿಲಿ ವೋಲ್ಟ್ ನೋಡಿ. ಸೊನ್ನೆ ಅಲ್ಲದ ಫ್ಯೂಸ್‌ನಲ್ಲಿ ಕರೆಂಟ್ ಹರಿಯುತ್ತಿದೆ. ಇನ್ನೊಂದು ಮಾತು: ಮೀಟರ್ ಹೀಗೆ ನಡುವೆ ಇರುವಾಗ ಯಾರೂ ಕೀ ತಿರುಗಿಸಬಾರದು. ತಿರುಗಿಸಿದರೆ ಮೀಟರಿನ ಫ್ಯೂಸ್ ಹೋಯಿತು ಅಂತಲೇ ಲೆಕ್ಕ.

ಐಡಲ್‌ನಲ್ಲಿ ನಡುಕ

ಮಿಸ್ಸಿಂಗ್ ಅಂದ ಕೂಡಲೇ ಪ್ಲಗ್, ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ಅಂತ ಎಲ್ಲರ ಕೈ ಅಲ್ಲಿಗೇ ಹೋಗುತ್ತದೆ. ಕೋಡ್ ಪಿ0301, ಅಂದರೆ ಮೊದಲನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಆಗಿದ್ದರೆ ನಾನೂ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಮೊದಲನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಹಾಕಿ ಓಡಿಸಿದಾಗ ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ, 0301 ಆಗಿಯೇ ಉಳಿದರೆ ಕಾಯಿಲ್ ತಪ್ಪಲ್ಲ. ಖರ್ಚಿಲ್ಲದ ಪರೀಕ್ಷೆ. ಆದರೆ ನಮ್ಮಲ್ಲಿ ಮಿಸ್ಸಿಂಗ್ ಹರಡಿಕೊಂಡಿತ್ತು, ಜೊತೆಗೆ ಪಿ0171 ಇತ್ತು. ಎಲ್ಲ ಸಿಲಿಂಡರಿಗೂ ಸೇರಿದ ಏನೋ ಒಂದು ಕೈಕೊಟ್ಟಿದೆ ಅಂತಾಯಿತು.

ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ನೋಡಿದೆ. ಗಾಳಿ ಜಾಸ್ತಿಯಾದಾಗ ಕಂಪ್ಯೂಟರ್ ಎಷ್ಟು ಹೆಚ್ಚುವರಿ ಪೆಟ್ರೋಲ್ ಬಿಡುತ್ತಿದೆ ಎಂಬ ಲೆಕ್ಕ ಅದು. ಶಾರ್ಟ್ ಟರ್ಮ್ (ಆ ಕ್ಷಣದ ತಿದ್ದುಪಡಿ), ಲಾಂಗ್ ಟರ್ಮ್ (ಕಲಿತಿಟ್ಟ ತಿದ್ದುಪಡಿ) ಎರಡನ್ನೂ ಕೂಡಿಸಬೇಕು. ಮೊತ್ತ ಶೇಕಡಾ 10ರ ಒಳಗೆ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಐಡಲ್‌ನಲ್ಲಿ ನಮ್ಮದು ಶೇಕಡಾ 23. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ ಶೇಕಡಾ 6ಕ್ಕೆ ಇಳಿಯಿತು.

ಈ ಎರಡು ಅಂಕಿಗಳಲ್ಲೇ ಉತ್ತರ ಇತ್ತು. ಐಡಲ್‌ನಲ್ಲಿ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಹೆಚ್ಚೂ ಕಡಿಮೆ ಮುಚ್ಚಿರುತ್ತದೆ, ಎಂಜಿನ್ ಒಳಗೆ ನಿರ್ವಾತ ಜೋರಾಗಿರುತ್ತದೆ, ಬೇಕಾದ ಗಾಳಿ ಬಹಳ ಕಡಿಮೆ. ಆಗ ಒಂದು ಸಣ್ಣ ಬಿರುಕಿನಿಂದ ನುಗ್ಗುವ ಗಾಳಿಯೂ ಒಟ್ಟು ಗಾಳಿಯಲ್ಲಿ ದೊಡ್ಡ ಪಾಲಾಗುತ್ತದೆ. ಥ್ರಾಟಲ್ ತೆರೆದಾಗ ಅದೇ ಬಿರುಕಿನ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಉಲ್ಟಾ ಆಗಿ, ಆರ್‌ಪಿಎಂ ಏರಿದಂತೆ ಟ್ರಿಮ್ ಕೂಡ ಏರಿದ್ದರೆ ಫ್ಯೂಯಲ್ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಏರ್‌ಫ್ಲೋ ಸೆನ್ಸರ್ ಕಡೆ ನೋಡುತ್ತಿದ್ದೆ. ಇದೆಲ್ಲ ನಮ್ಮ ಕಾರಿನ ಹಾಗೆ ಮಾಸ್ ಏರ್‌ಫ್ಲೋ ಸೆನ್ಸರ್ (ಒಳಬರುವ ಗಾಳಿಯನ್ನು ಅಳೆಯುವುದು) ಇರುವ ಎಂಜಿನ್ನಿನ ಮಾತು. ಬರೀ ಮ್ಯಾಪ್ ಸೆನ್ಸರ್ (ಇನ್‌ಟೇಕ್ ಒಳಗಿನ ಒತ್ತಡ ಅಳೆಯುವುದು) ಇರುವ ಕಾರುಗಳಲ್ಲಿ ಗಾಳಿ ಸೋರಿದರೆ ಸಾಮಾನ್ಯವಾಗಿ ಐಡಲ್ ಮೇಲೇರಿಬಿಡುತ್ತದೆ.

ಸೋರುವ ಜಾಗ ಹುಡುಕಲು ಕಾರ್ಬ್ ಕ್ಲೀನರ್ ಸಿಂಪಡಿಸುವುದು ರೂಢಿ. ನನಗೆ ಅದು ಇಷ್ಟವಿಲ್ಲ. ಬಿಸಿ ಎಕ್ಸಾಸ್ಟ್ ಪೈಪಿನ ಪಕ್ಕದಲ್ಲೇ ಬೆಂಕಿ ಹಿಡಿಯುವ ಸ್ಪ್ರೇ ಹೊಡೆಯುವುದು ಯಾಕೆ? ನಾನು ಮಾಡಿದ್ದು ಹೋಸ್ ಅದುಮುವ ಪರೀಕ್ಷೆ. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಇನ್‌ಟೇಕ್‌ಗೆ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ಸೇರುವ ಸಣ್ಣ ಹೋಸ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಅದುಮಿ ಎಂಜಿನ್ ಸದ್ದು ಕೇಳಿದೆ. ಬ್ರೇಕ್ ಬೂಸ್ಟರ್ ಹೋಸ್ ಅದುಮಿದರೆ ಬದಲಾವಣೆ ಇಲ್ಲ. ಪಿಸಿವಿ ವಾಲ್ವ್‌ನಿಂದ (ಎಂಜಿನ್ ಒಳಗಿನ ಎಣ್ಣೆ ಆವಿಯನ್ನು ಇನ್‌ಟೇಕ್‌ಗೆ ಬಿಡುವ ಕವಾಟ) ಬರುವ ಹೋಸನ್ನು ಇನ್‌ಟೇಕ್ ಹತ್ತಿರ ಅದುಮಿದ ತಕ್ಷಣ ನಡುಕ ನಿಂತಿತು, ಸ್ಕ್ಯಾನರ್‌ನಲ್ಲಿ ಶಾರ್ಟ್ ಟರ್ಮ್ ಟ್ರಿಮ್ ಇಳಿಯತೊಡಗಿತು.

ಅದು ಹೆಬ್ಬೆರಳು ಗಾತ್ರದ ರಬ್ಬರ್ ಮೊಣಕೈ. ಮೇಲಿನಿಂದ ನೋಡಿದರೆ ಕಪ್ಪಗೆ, ಗಟ್ಟಿಯಾಗಿ, ಏನೂ ಆಗದ ಹಾಗೆ ಕೂತಿತ್ತು. ಕೈಗೆ ತೆಗೆದುಕೊಂಡು ಬಗ್ಗಿಸಿದಾಗ ಹೊಟ್ಟೆಯ ಕಡೆ ಉದ್ದಕ್ಕೆ ಬಿರುಕು ಬಾಯಿ ಬಿಟ್ಟಿತು. ಒಳಗೆ ಎಣ್ಣೆಯ ಆವಿ ತಾಗಿ ರಬ್ಬರ್ ಅಂಟಂಟು. ಇದರ ಬದಲಿಗೆ ಸಿಕ್ಕ ಸಿಕ್ಕ ನೀರಿನ ಪೈಪ್ ಹಾಕಬಾರದು. ಎಣ್ಣೆ ಆವಿಗೆ ಅದು ಮೆತ್ತಗಾಗಿ, ನಿರ್ವಾತಕ್ಕೆ ಒಳಗೆ ಕುಸಿದು ಮುಚ್ಚಿಕೊಳ್ಳುತ್ತದೆ. ಕಂಪನಿಯ ಮೊಣಕೈ ತರಿಸಿ ಹಾಕಿದೆ. ಪಿಸಿವಿ ವಾಲ್ವ್ ಅಲ್ಲಾಡಿಸಿದರೆ ಕಟಕಟ ಸದ್ದು ಬರುತ್ತಿತ್ತು, ಹಾಗಾಗಿ ಅದನ್ನು ಬಿಟ್ಟೆ.

ಬಾನೆಟ್ ತೆರೆದೇ ಇತ್ತಲ್ಲ, ಪ್ಲಗ್ ಕೂಡ ಬಿಚ್ಚಿದೆ. ಎಂಜಿನ್ ತಣ್ಣಗಿರುವಾಗ ಮಾತ್ರ. ಬಣ್ಣ ತಿಳಿ ಕಂದು, ಒಳ್ಳೇ ಲಕ್ಷಣ. ಆದರೆ ಗ್ಯಾಪ್ 1.1 ಮಿಲಿಮೀಟರ್ ಇರಬೇಕಾದಲ್ಲಿ 1.3 ಆಗಿತ್ತು. ಸವೆದಿವೆ, ಬದಲಿಸಿದೆ. ಹೊಸ ಪ್ಲಗ್ಗನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಬೇಕು, ಆಮೇಲೆ ಕೈಪಿಡಿಯಲ್ಲಿ ಹೇಳಿದ ಟಾರ್ಕ್. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಒಮ್ಮೆ ಕಿತ್ತು ಬಂದರೆ ಮನೆಯ ರಿಪೇರಿ ಅಲ್ಲಿಗೆ ಮುಗಿಯಿತು. ಅಂದ ಹಾಗೆ, ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ನೋಡಬಹುದು. ಮಿಣುಕುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ.

ಕೋಡ್ ಅಳಿಸಿ ಸ್ವಲ್ಪ ಓಡಿಸಿದ ಮೇಲೆ ಐಡಲ್ ಟ್ರಿಮ್ ಶೇಕಡಾ 3. ಬ್ಯಾಟರಿ ಬಿಚ್ಚಿದ್ದರಿಂದ ಮೊದಲು ಐಡಲ್ ಏರಿಳಿಯುತ್ತಿತ್ತು, ಓಡಿಸುತ್ತಾ ತಾನೇ ಸರಿಹೋಯಿತು.

ನಿಂತರೆ ಬಿಸಿ, ಓಡಿದರೆ ತಂಪು

ಈ ಮಾತಲ್ಲೇ ಅರ್ಧ ಪತ್ತೆ ಆಯಿತು. ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ಹೆದ್ದಾರಿಯಲ್ಲಿ ಜೋರಾಗಿ ಓಡುವಾಗ ಬಿಸಿಯಾಗುತ್ತಿದ್ದರೆ ಕಟ್ಟಿಕೊಂಡ ರೇಡಿಯೇಟರ್, ಥರ್ಮೋಸ್ಟಾಟ್, ವಾಟರ್ ಪಂಪ್ ಅಂತ ಬೇರೆಯೇ ದಾರಿ.

ಕೂಲಂಟ್ ಮಟ್ಟ ಸರಿ ಇತ್ತು. ನೋಡಿದ್ದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿ ಎಂಜಿನ್ನಿನ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕುದಿನೀರು ನೇರ ಮುಖಕ್ಕೆ ಬರುತ್ತದೆ. ಎಣ್ಣೆ ಮುಚ್ಚಳದ ಕೆಳಗೆ ಹಾಲಿನ ಕೆನೆಯಂಥದ್ದಿಲ್ಲ, ಸೈಲೆನ್ಸರ್‌ನಿಂದ ನಿಲ್ಲದ ಬಿಳಿ ಹೊಗೆ ಇಲ್ಲ, ಹಾಗಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಸೋರುವ ಚಿಂತೆ ಬಿಟ್ಟೆ. ಏಸಿ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗಬೇಕು. ತಿರುಗಲಿಲ್ಲ. ಫ್ಯೂಸ್ ಸರಿ. ಅದೇ ನಂಬರಿನ ಹಾರ್ನ್ ರಿಲೇ (ಕರೆಂಟ್ ಹಾಯಿಸುವ ವಿದ್ಯುತ್ ಸ್ವಿಚ್) ತಂದು ಫ್ಯಾನ್ ರಿಲೇ ಜಾಗಕ್ಕೆ ಹಾಕಿದರೂ ಅಲುಗಲಿಲ್ಲ. ಫ್ಯಾನಿನ ಕನೆಕ್ಟರ್ ತನಕ 12 ವೋಲ್ಟ್ ಬರುತ್ತಿತ್ತು. ಫ್ಯೂಸ್ ಹಾಕಿದ ವೈರಿನಲ್ಲಿ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟೆ. ಸುಮ್ಮನಿತ್ತು. ಉದ್ದನೆಯ ಕೋಲಿನಿಂದ ಎಲೆಯನ್ನು ಸ್ವಲ್ಪ ತಳ್ಳಿದಾಗ ಒಲ್ಲದ ಮನಸ್ಸಿನಿಂದ ತಿರುಗಿತು. ಮೋಟರ್ ಒಳಗಿನ ಕಾರ್ಬನ್ ಬ್ರಷ್ ಸವೆದಿವೆ. ಅರ್ಥ್ ಪಟ್ಟಿಯ ಥರ ಉಜ್ಜಿ ಗೆಲ್ಲುವ ಕೆಲಸ ಇದಲ್ಲ, ಮೋಟರ್ ಬದಲಿಸಲೇಬೇಕಿತ್ತು, ಬದಲಿಸಿದೆ. ಕೈ ಹಾಕುವ ಮುಂಚೆ ಕನೆಕ್ಟರ್ ಕಿತ್ತಿಡಿ. ಕೀ ತೆಗೆದಿದ್ದರೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿ ತಿರುಗುತ್ತದೆ. ಹೊಸದು ಹಾಕಿದ ಮೇಲೆ ಒಂದು ಕಾಗದದ ಚೂರು ರೇಡಿಯೇಟರ್ ಮುಂದೆ ಹಿಡಿದು ನೋಡಿದೆ. ಅದು ರೇಡಿಯೇಟರಿಗೆ ಅಂಟಿಕೊಳ್ಳಬೇಕು. ದೂರ ಹಾರಿದರೆ ವೈರ್ ಅದಲುಬದಲಾಗಿದೆ, ಫ್ಯಾನ್ ಉಲ್ಟಾ ತಿರುಗುತ್ತಿದೆ.

ಬ್ರೇಕ್

ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜ್ಯಾಕ್ ನಂಬಿ ಕಾರಿನಡಿ ಕೈ ಹಾಕುವವರ ಜೊತೆ ನನಗೆ ವಾದವೇ ಬೇಡ.

ಹೊರಗಿನ ಪ್ಯಾಡ್ 6 ಮಿಲಿಮೀಟರ್, ಒಳಗಿನದು 2. ಹೊರಗಿನಿಂದ ಇಣುಕಿ ನೋಡಿದವರಿಗೆ ಪ್ಯಾಡ್ ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? ಸದ್ದು ಮಾಡುತ್ತಿದ್ದದ್ದು ಒಳಗಿನ ಪ್ಯಾಡಿನ ಸಣ್ಣ ಉಕ್ಕಿನ ನಾಲಿಗೆ. ಸವೆದಾಗ ಡಿಸ್ಕ್‌ಗೆ ತಾಗಿ ಕೂಗಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಆದರೆ ಎರಡೂ ಒಂದೇ ಸಮ ಯಾಕೆ ಸವೆಯಲಿಲ್ಲ? ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಹಿಡಿ) ಜಾರಬೇಕಾದ ಕೆಳಗಿನ ಸ್ಲೈಡ್ ಪಿನ್ ಜಾಮ್ ಆಗಿತ್ತು. ಕ್ಯಾಲಿಪರ್ ಜಾರದಿದ್ದರೆ ಪಿಸ್ಟನ್ ಒಳಗಿನ ಪ್ಯಾಡನ್ನೇ ಒತ್ತುತ್ತಿರುತ್ತದೆ. ಸುಮ್ನೆ ಹೊಸ ಪ್ಯಾಡ್ ಹಾಕಿ ಮುಚ್ಚಿದ್ದರೆ ಅದೂ ಹೀಗೇ ಸವೆಯುತ್ತಿತ್ತು. ಪಿನ್ ಎಳೆದು, ತುಕ್ಕು ಉಜ್ಜಿ, ಸಿಲಿಕೋನ್ ಬ್ರೇಕ್ ಗ್ರೀಸ್ ಹಚ್ಚಿದೆ. ಮಾಮೂಲಿ ಗ್ರೀಸ್ ರಬ್ಬರ್ ಬೂಟನ್ನು ಊದಿಸುತ್ತದೆ. ಕ್ಯಾಲಿಪರನ್ನು ಹೋಸ್ ಮೇಲೆ ನೇತುಬಿಡದೆ ತಂತಿಯಿಂದ ಕಟ್ಟಿದೆ. ಪಿಸ್ಟನ್ ಹಿಂದಕ್ಕೆ ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ. ಪ್ಯಾಡ್ ಬದಲಿಸಿದ್ದು ಎಡ, ಬಲ ಎರಡೂ ಕಡೆ. ಕಾರು ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು, ಇಲ್ಲದಿದ್ದರೆ ಮೊದಲ ಒತ್ತಿಗೆ ಬ್ರೇಕೇ ಹಿಡಿಯುವುದಿಲ್ಲ.

ಒದ್ದೆ ಕಾರ್ಪೆಟ್ ಕಥೆ ಚಿಕ್ಕದು. ನೀರಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೈಗೆ ಅಂಟುವುದಿಲ್ಲ. ಸಿಹಿ ವಾಸನೆ ಇದ್ದು ಗಾಜು ಒಳಗಿನಿಂದ ಮಂಜಾಗುತ್ತಿದ್ದರೆ ಹೀಟರ್ ಕೋರ್ (ಬಿಸಿ ಕೂಲಂಟ್ ಹರಿದು ಕ್ಯಾಬಿನ್ ಬೆಚ್ಚಗಿಡುವ ಭಾಗ) ಸೋರಿಕೆ, ಅದು ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ. ಏಸಿ ಹಾಕಿ ನಿಲ್ಲಿಸಿದಾಗ ಕಾರಿನ ಕೆಳಗೆ ತೊಟ್ಟಿಕ್ಕಬೇಕಾದ ನೀರು ತೊಟ್ಟಿಕ್ಕುತ್ತಿರಲಿಲ್ಲ. ಡ್ರೈನ್ ಪೈಪಿಗೆ ಕೆಳಗಿನಿಂದ ಮೆತ್ತನೆಯ ತಂತಿ ತೂರಿಸಿದರೆ ಎಲೆಚೂರು, ಕೆಸರು, ಹಿಂದೆಯೇ ಧಾರೆಯಾಗಿ ನೀರು. ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿದರೆ ಅಲ್ಲೂ ಅದೇ ಎಲೆ. ಕಾರ್ಪೆಟ್ ಎತ್ತಿ ಕೆಳಗಿನ ಫೋಮ್ ಪೂರ್ತಿ ಒಣಗಿಸುವುದೇ ಇದರಲ್ಲಿ ಜಾಸ್ತಿ ಹೊತ್ತು ಹಿಡಿದ ಕೆಲಸ.

ಏರ್‌ಬ್ಯಾಗ್, ಏಸಿ ಗ್ಯಾಸ್, ಟೈಮಿಂಗ್ ಬೆಲ್ಟ್, ಈ ಮೂರಕ್ಕೆ ನಾನು ಕೈ ಹಾಕುವುದಿಲ್ಲ. ಅವಕ್ಕೆ ಬೇಕಾದ ಸಲಕರಣೆ ನನ್ನ ಹತ್ತಿರ ಇಲ್ಲ.

ಈಗ ಉಳಿದಿರುವುದು ಒಂದೇ. ವೇಗ ಏರಿದಾಗ ಮುಂದಿನಿಂದ ಗುಂಯ್ ಅನ್ನುವ ಸದ್ದು ಬರುತ್ತದೆ. ಬಲಕ್ಕೆ ತಿರುಗಿದಾಗ ಜಾಸ್ತಿ, ಎಡಕ್ಕೆ ತಿರುಗಿದಾಗ ಕಡಿಮೆ. ಬಲಕ್ಕೆ ತಿರುಗಿದರೆ ಭಾರ ಎಡಗಡೆ ಬೀಳುವುದರಿಂದ ಎಡಗಡೆ ವೀಲ್ ಬೇರಿಂಗ್ ಮೇಲೆ ಅನುಮಾನ. ಆದರೆ ಅಡ್ಡಾದಿಡ್ಡಿ ಸವೆದ ಟೈರ್ ಕೂಡ ಹೀಗೇ ಕೂಗುತ್ತದೆ. ಹಾಗಾಗಿ ಮೊದಲು ಮುಂದಿನ ಟೈರ್‌ಗಳನ್ನು ಹಿಂದಕ್ಕೆ ಹಾಕಿ ಓಡಿಸಿ ನೋಡುತ್ತೇನೆ. ಸದ್ದು ಟೈರ್ ಜೊತೆ ಹಿಂದಕ್ಕೆ ಹೋದರೆ ಬೇರಿಂಗ್ ಬಿಚ್ಚುವುದಿಲ್ಲ.